ಕಂದಾಯದ ರಸೀತಿಯಲ್ಲಿ ನನ್ನ ಹೆಸರು

ಆ ದಿನ ಪಂಚಾಯಿತಿ ಕಚೇರಿಯಲ್ಲಿ "ಸದ್ಯಕ್ಕೆ ತಮ್ಮನ ಹೆಸರಿಗೇ ಇರಲಿ" ಎಂದು ಮೊದಲು ಹೇಳಿದವರು ಯಾರು ಎಂಬುದು ನನಗೆ ಖಚಿತವಾಗಿ ನೆನಪಿಲ್ಲ. ಈ ಪ್ರಸಂಗವನ್ನು ಈವರೆಗೆ ಮೂರು ಜನರಿಗೆ ಹೇಳಿದ್ದೇನೆ, ಮೂರು ಸಲವೂ ಬೇರೆ ಬೇರೆಯಾಗಿ. ಒಬ್ಬರಿಗೆ ಬಿಲ್ ಕಲೆಕ್ಟರ್ ಹೇಳಿದ ಎಂದೆ. ಇನ್ನೊಬ್ಬರಿಗೆ ಮದ್ದೂರಿನ ಚಿಕ್ಕಪ್ಪ ಹೇಳಿದರು ಎಂದೆ. ಮೂರನೆಯವರು ನನ್ನ ಕಾಲೇಜಿನ ಸಹೋದ್ಯೋಗಿ. ಅವರಿಗೆ, ಅತ್ತಿಗೆಯೇ ಹಾಗೆ ಕೇಳಿಕೊಂಡರು ಎಂದುಬಿಟ್ಟೆ. ಮೂರನ್ನೂ ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲಿಲ್ಲ. ಪ್ರತಿ ಸಲವೂ ಕಣ್ಣ ಮುಂದೆ ಚಿತ್ರವಿತ್ತು, ಮಾತಾಡುವ ಬಾಯಿ ಕಾಣುತ್ತಿತ್ತು. ಬಾಯಿ ಮಾತ್ರ ಬದಲಾಗುತ್ತಿತ್ತು.

ನಾನು ಮಂಡ್ಯದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಯಾವ ದಾಖಲೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ, ಯಾರು ಬರೆದರು, ಯಾವಾಗ ಬರೆದರು, ಬರೆದದ್ದರಿಂದ ಯಾರಿಗೆ ಅನುಕೂಲವಾಯಿತು ಎಂದು ಕೇಳಿ ಅಂತ ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳುತ್ತೇನೆ. ಮೈಸೂರಿನಲ್ಲಿ ಓದುವಾಗ ಕಲಿತ ಮಾತು ಅದು. ಹೇಳುವಾಗ ಒಂದು ಠೀವಿಯೂ ಬರುತ್ತದೆ. ಈಗ ಆ ಮಾತು ಬಾಯಿಗೆ ಬಂದರೆ ನಾಲಗೆಯ ಮೇಲೆ ಹಳಸಿದ ರುಚಿ.

ನನ್ನ ಅಣ್ಣ ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದ. ತರಬೇತಿಗೆಂದು ಫಿಲಿಪ್ಪೀನ್ಸ್‌ಗೆ ಹೋದವನು ಅಲ್ಲಿಯ ಹೆಣ್ಣುಮಗಳನ್ನು ಮದುವೆಯಾಗಿ ಕರೆದುಕೊಂಡು ಬಂದ. ಅತ್ತಿಗೆಯೂ ಭತ್ತದ ಕೆಲಸ ಬಲ್ಲವರೇ. ಅಣ್ಣನ ಜೊತೆ ಗದ್ದೆಗೆ ಹೋಗಿ, ನಾಟಿ ಹಾಕುವ, ಕಳೆ ಕೀಳುವ ಹೆಂಗಸರ ಸಾಲಿನಲ್ಲಿ ನಿಂತು ಕನ್ನಡ ಕಲಿತರು. ಹಾಗಾಗಿ ಅವರ ಕನ್ನಡದಲ್ಲಿ ಪುಸ್ತಕದ ಒಂದು ಪದವೂ ಇಲ್ಲ. ಹಕಾರ ಇಲ್ಲ, ಮುಲಾಜೂ ಇಲ್ಲ. ಆದರೆ ಕನ್ನಡ ಓದಲು, ಬರೆಯಲು ಬಾರದು. ಅಣ್ಣ ಇದ್ದಾಗ ಅದರ ಅಗತ್ಯವೇ ಬಿದ್ದಿರಲಿಲ್ಲ.

ಕಿರುಗಾವಲಿನಿಂದ ಮಳವಳ್ಳಿಗೆ ಹೋಗುವ ಕಡೆ, ಒಂದು ಹೊಸ ಬಡಾವಣೆಯಲ್ಲಿ ಅಣ್ಣ ಮನೆ ಕಟ್ಟಿಸಿದ್ದ. ಊರಿನ ಹೆಸರು ಬರೆಯುವುದಿಲ್ಲ. ಎರಡು ಕೋಣೆ, ಒಂದು ಹಜಾರ, ಹಿಂದೆ ಬೇರೆಯಾಗಿ ಕಟ್ಟಿದ ಬಚ್ಚಲು. ಮಕ್ಕಳಿರಲಿಲ್ಲ. ಕಾಯಿಲೆ ಬಿದ್ದ ವರ್ಷವೇ ಮನೆಯನ್ನು ಹೆಂಡತಿಗೆ ಉಯಿಲು ಬರೆದು ನೋಂದಣಿ ಮಾಡಿಸಿದ. ನಾನೇ ಸಾಕ್ಷಿ ಹಾಕಿದ್ದೆ. ಅದು ಚೆನ್ನಾಗಿ ನೆನಪಿದೆ, ಅದರಲ್ಲಿ ಯಾವ ಅನುಮಾನವೂ ಇಲ್ಲ.

ಅಣ್ಣ ಸತ್ತು ವರ್ಷದ ಕಾರ್ಯ ಮುಗಿದ ಮೇಲೆ ಅತ್ತಿಗೆ ನನ್ನನ್ನು ಕರೆಸಿ, ಒಂದು ಪ್ಲಾಸ್ಟಿಕ್ ಫೈಲು ಮುಂದಿಟ್ಟರು. ಮನೆ ಕಂದಾಯದ ಹಳೆಯ ರಸೀತಿಗಳೆಲ್ಲ ಅದರಲ್ಲಿದ್ದವು, ವರ್ಷದ ಪ್ರಕಾರ ಜೋಡಿಸಿ. ಇದೇನು, ಇದನ್ನು ಯಾಕೆ ಕಟ್ಟಬೇಕು, ಕಟ್ಟಿದ್ದು ಎಲ್ಲಿಗೆ ಹೋಗುತ್ತದೆ, ಒಂದೊಂದು ಸಾಲೂ ಓದಿ ಹೇಳು ಎಂದರು. ನಾನು ಓದಿದೆ. ಕಟ್ಟಡದ ತೆರಿಗೆ, ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಗ್ರಂಥಾಲಯ ಎಲ್ಲಿದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮರುವಾರ ತಾವೇ ಹುಡುಕಿಕೊಂಡು ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ಬಂದರು. ಮಳವಳ್ಳಿ ಬಸ್ ನಿಲ್ದಾಣದಲ್ಲಿ ಕೂತಿದ್ದ ಒಬ್ಬ ಮುದುಕನನ್ನು, ನಮ್ಮನೆ ಕಂದಾಯದಿಂದ ನಿಂಗೇನಾದ್ರೂ ಬತ್ತದಾ ಎಂದು ವಿಚಾರಿಸಿದರಂತೆ. ಅವನು ಇವರನ್ನು ಸರ್ಕಾರದವರು ಅಂದುಕೊಂಡು ಎದ್ದು ಹೋದನಂತೆ. ಇದನ್ನೆಲ್ಲ ಅವರು ತಮಾಷೆಗೆ ಹೇಳಲಿಲ್ಲ. ದುಡ್ಡು ಕೊಡುವವರಿಗೆ ತಿಳಿದುಕೊಳ್ಳುವ ಹಕ್ಕಿದೆ ಎನ್ನುವುದಷ್ಟೇ ಅವರ ಲೆಕ್ಕ.

ಅಳತೆ ಟೇಪಿನ ವಿಷಯವೂ ಹಾಗೆಯೇ. ಗದ್ದೆಯ ತಾಕು ಅಳೆಯುವ ಉದ್ದನೆಯ ಟೇಪು ಹಿಡಿದು ಮನೆಯನ್ನು ಗೋಡೆ ಗೋಡೆ ಅಳೆದರು. ಹಿಂದಿನ ಬಚ್ಚಲು ಲೆಕ್ಕಕ್ಕೆ ಸೇರಿಲ್ಲ ಎಂದು ಕಂಡುಹಿಡಿದರು. ಅದನ್ನೂ ಸೇರಿಸಿ ಕಟ್ಟಬೇಕು ಎಂದು ಹಟ ಹಿಡಿದರು. ಯಾರೂ ಕೇಳಿಲ್ಲವಲ್ಲ ಅತ್ತಿಗೆ, ಸುಮ್ಮನಿರಿ ಎಂದೆ. ನಾಳೆ ಯಾರಾದ್ರೂ ಬಂದು ಇದು ಕಳ್ಳ ಮನೆ ಅಂದ್ರೆ ಏನು ಮಾಡ್ಲಿ ಎಂದರು.

ಅವರ ಕಡೆ ಮನೆ ಕಂದಾಯಕ್ಕೆ 'ಅಮಿಲ್ಯಾರ್' ಎನ್ನುತ್ತಾರಂತೆ. ಅದರ ವಿಷಯ ಹೇಳುವಾಗ ಅವರ ಮುಖದಲ್ಲಿ ಬಂದ ಗಡುಸು ನನಗೆ ಆಗ ಅರ್ಥವಾಗಲಿಲ್ಲ.

"ನಮ್ಮೂರಲ್ಲಿ ಎರ್ಡು ಕಾಗ್ದ ಕಣಪ್ಪ," ಎಂದರು. "ಒಂದು ಮನೇದು, ಒಂದು ತೆರಿಗೇದು. ಮನೆ ಕಾಗ್ದ ನಮ್ಮಮ್ಮುಂತಾವ ಇತ್ತು. ತೆರಿಗೆ ಮಾತ್ರ ನಮ್ಮ ಮಾವ ಕಟ್ತಿದ್ದ, ಅವುನ್ ಎಸ್ರಲ್ಲೇ. ಅಣ್ಣ ಅಲ್ವಾ, ಕಟ್ಲಿ ಬುಡು ಅಂತ ನಮ್ಮಮ್ಮ ಸುಮ್ನಿದ್ಲು. ಕೊನೇಲಿ ಮನೆ ಯಾರ್ದಾಯ್ತು ಏಳು?"

ಅದಕ್ಕೇ ಅವರಿಗೆ ಉಯಿಲಿಗಿಂತ ರಸೀತಿ ದೊಡ್ಡದಾಗಿತ್ತು. ಫಿಲಿಪ್ಪೀನ್ಸ್‌ನಲ್ಲಿರುವ ಅವರ ತಂಗಿ ವಾರಕ್ಕೆರಡು ಸಲ ಫೋನು ಮಾಡಿ, ಅಲ್ಲಿ ಒಬ್ಬಳೇ ಏನು ಮಾಡುತ್ತೀ, ಬಂದುಬಿಡು ಎನ್ನುತ್ತಿದ್ದಳು. ಅತ್ತಿಗೆ ಹೋಗಲು ಒಪ್ಪಿರಲಿಲ್ಲ. ಅಣ್ಣ ಕೊನೆಗೆ ತಂದು ಕೊಟ್ಟಿದ್ದ ಭತ್ತದ ಬೀಜವನ್ನು ಹಿತ್ತಲಿನ ಪುಟ್ಟ ಮಡಿಯಲ್ಲಿ ಪ್ರತಿ ವರ್ಷ ಹಾಕಿ ಉಳಿಸಿಕೊಳ್ಳುತ್ತಿದ್ದರು. ಆದರೆ ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಿದ್ದರು. "ರಸೀತೀಲಿ ನನ್ನೆಸ್ರು ಬಂದ್ರೆ ಇರ್ತೀನಿ. ಬರ್ದಿದ್ರೆ ಓಯ್ತೀನಿ. ಬ್ಯಾರೇರ್ ಮನೇಲಿ ಇನ್ನೊಂದ್ ಸಲ ಇರಕ್ಕೆ ನಂಗಾಗಲ್ಲ."

ಇಷ್ಟನ್ನು ಕೇಳಿಸಿಕೊಂಡವನು ನಾನು. ಕೇಳಿಸಿಕೊಂಡ ಮೇಲೆ ಮಾಡಿದ್ದನ್ನು ಈಗ ಬರೆಯಬೇಕು.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ನಮ್ಮದೊಂದೇ ಅಲ್ಲ, ಸುತ್ತಿನ ಒಕ್ಕಲು ಮನೆಗಳಲ್ಲೆಲ್ಲ ಇದ್ದೇ ಇದೆ. ಯಜಮಾನ ಸತ್ತರೆ ಎಲ್ಲರ ಹೆಸರನ್ನೂ ಖಾತೆಗೆ ಹಾಕಿಸುವುದಿಲ್ಲ. ಒಬ್ಬ ಗಂಡಸಿನ ಹೆಸರಿಗೆ ಮಾಡಿಸಿ, ಉಳಿದವರಿಂದ ನಮ್ಮ ತಕರಾರಿಲ್ಲ ಎಂದು ಬರೆಸಿಕೊಳ್ಳುತ್ತಾರೆ. ಕಂದಾಯ ಅವನೇ ಕಟ್ಟುತ್ತಾನೆ, ರಸೀತಿ ಅವನ ಟ್ರಂಕಿನಲ್ಲಿರುತ್ತದೆ. ಹತ್ತು ವರ್ಷ ಕಳೆದರೆ ಅವನೇ ಮಾಲೀಕ ಎಂದು ಅವನೂ ನಂಬುತ್ತಾನೆ, ಊರೂ ನಂಬುತ್ತದೆ. ಅಪ್ಪ ಮತ್ತು ಚಿಕ್ಕಪ್ಪ ತಮ್ಮ ಇಬ್ಬರು ಅಕ್ಕತಂಗಿಯರಿಂದ ಹಾಗೆ ಬರೆಸಿಕೊಂಡಿದ್ದನ್ನು ನಾನು ಕಂಡಿದ್ದೇನೆ. ಗೌರಿ ಹಬ್ಬಕ್ಕೆ ಕರೆಸಿದರು. ಬಾಗಿನ ಕೊಟ್ಟರು, ಸೀರೆ ಕೊಟ್ಟರು, ಒಬ್ಬಟ್ಟಿನ ಊಟ ಹಾಕಿದರು. ಎಲೆ ಎತ್ತಿದ ಜಾಗವನ್ನು ಒರೆಸಿ, ಅಲ್ಲೇ ಕಾಗದ ಹಾಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ದೊಡ್ಡತ್ತೆ ಬೆರಳಿನ ಮಸಿಯನ್ನು ಹೊಸ ಸೀರೆಗೆ ತಾಗದಂತೆ ಹಿಡಿದುಕೊಂಡು ಬಚ್ಚಲಿಗೆ ಹೋದದ್ದು ಕಣ್ಣಲ್ಲಿದೆ. ಓದು ಮುಗಿಸಿ ಬಂದ ಹೊಸದರಲ್ಲಿ ಇದನ್ನು ಎತ್ತಿ ಆಡಿ ಚಿಕ್ಕಪ್ಪನ ಜೊತೆ ಜಗಳ ಮಾಡಿಕೊಂಡಿದ್ದೆ. ನಿಮಗೆ ಅಸಹ್ಯ ಆಗುವುದಿಲ್ಲವೇ ಎಂದು ಕೇಳಿದ್ದೆ.

ಪಂಚಾಯಿತಿಗೆ ಹೋದ ದಿನ ನನ್ನ ಹೆಂಡತಿ ಒಬ್ಬಟ್ಟು ಮಾಡಿ ಡಬ್ಬಿಗೆ ಹಾಕಿಕೊಟ್ಟಿದ್ದಳು, ಅತ್ತಿಗೆಗೆ ಇಷ್ಟ ಅಂತ. ನಾನು ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಅತ್ತಿಗೆ ಎರಡು ತಿಂದರು. ತುಪ್ಪ ಕಮ್ಮಿಯಾಯಿತು ಎಂದರು. ಆಮೇಲೆ ಹೊರಟೆವು.

ಕಚೇರಿಯ ಒಳಗೆ ಕಾಲಿಟ್ಟ ಕೂಡಲೇ ಎಡಗಡೆ ಒಂದು ಗೋಡೆ. ಹೆಬ್ಬೆಟ್ಟು ಒತ್ತಿದವರೆಲ್ಲ ಮಸಿಯನ್ನು ಅದಕ್ಕೇ ಒರೆಸಿ ಒರೆಸಿ, ಸೊಂಟದ ಎತ್ತರದಿಂದ ಎದೆಯ ಎತ್ತರದವರೆಗೆ ನೇರಳೆ ಕಪ್ಪು ಬಣ್ಣದ ಪಟ್ಟಿಯೊಂದು ಜಿಡ್ಡುಗಟ್ಟಿತ್ತು. ಅದರ ಮೇಲೆ ನೊಣ. ಟೇಬಲ್ ಮೇಲೆ ಹಿಂದಿನ ದಿನದ ಟೀ ಲೋಟಗಳು, ತಳದಲ್ಲಿ ಇರುವೆ. ಗೋಂದಿನ ಬಾಟಲಿಗೆ ಯಾರೋ ಬೆರಳು ಅದ್ದಿ ಅದ್ದಿ ಬಾಯಿಯೇ ಮುಚ್ಚಿಹೋಗಿತ್ತು. ಬಿಲ್ ಕಲೆಕ್ಟರ್, ಎಂದರೆ ಕಂದಾಯ ವಸೂಲಿ ಮಾಡಿ ರಸೀತಿ ಕೊಡುವವನು, ಅತ್ತಿಗೆಯ ಮುಖ ನೋಡಿ ನನ್ನ ಕಡೆ ತಿರುಗಿ, ನೇಪಾಳದವರಾ ಸಾರ್, ಮನೆ ಕೆಲಸಕ್ಕೆ ಇಟ್ಟುಕೊಂಡಿದ್ದೀರಾ ಎಂದ. ಅತ್ತಿಗೆಯೇ ಉತ್ತರ ಕೊಟ್ಟರು.

"ಮನೆ ಯಜಮಾನಿ ಕಣಪ್ಪ ನಾನು. ಕಂದಾಯ ಕಟ್ಟಕ್ ಬಂದಿವ್ನಿ."

ಅವನು ನಕ್ಕ, ಆದರೆ ಕುರ್ಚಿ ತೋರಿಸಿದ. ಅತ್ತಿಗೆ, ಇಲ್ಲಿಯವರನ್ನು ಮದುವೆಯಾದ ವಿದೇಶದವರಿಗೆ ಸರ್ಕಾರ ಕೊಡುವ ಒಸಿಐ ಪುಸ್ತಕ, ಉಯಿಲು, ಮರಣ ಪತ್ರ, ತಾವು ಅಳೆದ ಅಳತೆಯ ಚೀಟಿ ಎಲ್ಲವನ್ನೂ ಇಟ್ಟರು. ಆಧಾರ್ ಇನ್ನೂ ಬಂದಿರಲಿಲ್ಲ, ಅರ್ಜಿ ಓಡಾಡುತ್ತಿತ್ತು. ಒಸಿಐ ಪುಸ್ತಕವನ್ನು ಅವನು ಹಿಂದೆ ಮುಂದೆ ತಿರುಗಿಸಿ, ಇದು ಕಂಪ್ಯೂಟರ್‌ನಲ್ಲಿ ಬರುವುದಿಲ್ಲ ಎಂದ. ಬಚ್ಚಲು ಸೇರಿಸಿ ಕಂದಾಯ ಜಾಸ್ತಿ ಮಾಡಿ ಎಂದಾಗ ಪಕ್ಕದ ಟೇಬಲ್ಲಿನವರನ್ನೂ ಕರೆದು ತೋರಿಸಿ ನಕ್ಕ. ಚಿಕ್ಕಪ್ಪ ಬೆಂಚಿನ ಮೇಲೆ ಕೂತಿದ್ದರು. ಅವರನ್ನು ಸಾಕ್ಷಿ ಹಾಕಲು ನಾನೇ ಕರೆಸಿದ್ದೆ.

ಇಲ್ಲಿಂದ ಮುಂದೆ ನೆನಪು ಮಂಜು ಮಂಜು. "ಸದ್ಯಕ್ಕೆ ತಮ್ಮನ ಹೆಸರಿಗೇ ಇರಲಿ, ಅಮ್ಮೋರ ಆಧಾರ್ ಬಂದ ಮೇಲೆ ಬದಲಾಯಿಸಿದರಾಯಿತು" ಎಂಬ ಮಾತು ಕೇಳುತ್ತದೆ. ಯಾರದೆಂದು ಕಾಣುವುದಿಲ್ಲ. ಟೇಬಲ್ ಮೇಲೆ ಛಾಪಾ ಕಾಗದವಿದೆ. ಅದರ ಕೆಳಗೆ, ಖಾತೆಯು ನನ್ನ ಮೈದುನನ ಹೆಸರಿಗೆ ಆಗಲು ನನ್ನ ಒಪ್ಪಿಗೆಯಿದೆ ಎಂದು ಕನ್ನಡದಲ್ಲಿ ಟೈಪಾಗಿದೆ. ಅತ್ತಿಗೆ, ಎಲ್ಲಿ ಹಾಕಬೇಕು ಎಂದು ಕೇಳುತ್ತಾರೆ. ನಾನು ಬೆರಳಿಟ್ಟು ತೋರಿಸುತ್ತೇನೆ. ಅವರು ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ ರುಜು ಹಾಕುತ್ತಾರೆ. ಇದೇನು ಎಂದು ಕೇಳಿದರೋ ಇಲ್ಲವೋ? ಕೇಳಿದ್ದರೆ, ನಿಮ್ಮ ಖಾತೆಯದೇ ಕಾಗದ ಎಂದು ಹೇಳಿರಬೇಕು. ಹೇಳಿದೆನೆಂದೇ ನನ್ನ ಅನುಮಾನ.

ಹೊರಗೆ ಬಂದಾಗ ಚಿಕ್ಕಪ್ಪ ಎಲೆಅಡಿಕೆ ಉಗಿದು, ಸದ್ಯ, ಮನೆ ಮನೆಯಲ್ಲೇ ಉಳಿಯಿತು ಎಂದರು. ಅದು ಮಾತ್ರ ಅವರ ದನಿಯೇ.

ಖಾತೆಗೆ ತಕರಾರು ಹಾಕಲು ಕೊಟ್ಟ ದಿನಗಳು ಕಳೆದವು, ಯಾರೂ ತಕರಾರು ಹಾಕಲಿಲ್ಲ. ಎರಡು ತಿಂಗಳಾಗಿ ಏಪ್ರಿಲ್ ಬಂತು. ಬಿಲ್ ಕಲೆಕ್ಟರ್ ಮನೆ ಬಾಗಿಲಿಗೇ ಹೋಗಿ ಕಂದಾಯ ವಸೂಲಿ ಮಾಡಿ ರಸೀತಿ ಕೊಟ್ಟ. ಎರಡು ದಿನ ಬಿಟ್ಟು ಅತ್ತಿಗೆ ಮಂಡ್ಯಕ್ಕೆ ಬಂದರು. ನಾನು ಎರಡನೆಯ ಅವಧಿಯ ಪಾಠದಲ್ಲಿದ್ದೆ. ಬಾಗಿಲ ಹೊರಗೆ ಛತ್ರಿ ಹಿಡಿದು ನಿಂತಿದ್ದರು. ಗಂಟೆ ಹೊಡೆದ ಮೇಲೆ ಮರದ ಕೆಳಗಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋದೆ. ಅವರು ಕನ್ನಡದಲ್ಲಿ ಒಂದೇ ಒಂದು ಪದ ಗುರುತಿಸುವುದನ್ನು ಆ ಎರಡು ತಿಂಗಳಲ್ಲಿ ಕಲಿತಿದ್ದರು. ತಮ್ಮ ಹೆಸರು. ಗದ್ದೆ ಕೆಲಸದ ಹೆಂಗಸೊಬ್ಬಳ ಸೊಸೆ ಬರೆದುಕೊಟ್ಟಿದ್ದಳಂತೆ. ಆ ಚೀಟಿಯನ್ನು ರಸೀತಿಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹುಡುಕಿದ್ದರು.

"ಇದ್ರಲ್ಲಿ ನನ್ನೆಸ್ರು ಎಲ್ಲೈತೆ ತೋರ್ಸು."

ನಾನು ವಿವರಿಸಿದೆ. ಸರಾಗವಾಗಿ ವಿವರಿಸಿದೆ, ಅದೇ ನನಗೆ ಈಗ ಹೇಸಿಗೆ ತರುವುದು. ಖಾತೆ ಎಂದರೆ ಬರೀ ಕಂದಾಯ ವಸೂಲಿಗೆ ಇಟ್ಟ ಪುಸ್ತಕ, ಅದು ಹಕ್ಕಲ್ಲ, ಉಯಿಲು ನಿಮ್ಮ ಕೈಯಲ್ಲೇ ಇದೆ, ಕಾನೂನಿನಲ್ಲಿ ನೀವೇ ಮಾಲೀಕರು, ಇದು ತಾತ್ಕಾಲಿಕ, ಬಿಲ್ ಕಲೆಕ್ಟರ್ ಹೇಳಿದ್ದಕ್ಕೆ ಮಾಡಿದ್ದು. ಒಂದೊಂದು ವಾಕ್ಯವೂ ಸರಿಯಾಗಿತ್ತು. ತರಗತಿಯಲ್ಲಿ ಹೇಳುವ ಹಾಗೆ ಬೆರಳು ಮಡಚಿ ಮಡಚಿ ಹೇಳಿದೆ. ಅವರು ಪೂರ್ತಿ ಕೇಳಿದರು. ರಸೀತಿಯನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡರು.

"ನಮ್ಮ ಮಾವನೂ ಇಂಗೇ ಏಳ್ತಿದ್ದ," ಎಂದರು. "ಮುಂದ್ಲ ಏಪ್ರಿಲ್ ಗಂಟ ನೋಡ್ತೀನಿ. ಆಮ್ಯಾಕೆ ನನ್ನ ದಾರಿ ನಂದು."

ಬಸ್ಸಿಗೆ ಬಿಡುತ್ತೇನೆ ಎಂದೆ. ಬೇಡ ಎಂದು ಒಬ್ಬರೇ ನಡೆದುಕೊಂಡು ಹೋದರು.

ಆ ವಾರವೇ ಅಭಿನಂದನೆಗಳು ಶುರುವಾದವು. ಮಳವಳ್ಳಿ ಕಡೆಯ ಸಂಬಂಧಿಕರೊಬ್ಬರು ಫೋನು ಮಾಡಿ, ಒಳ್ಳೆಯದಾಯಿತು, ಹೊರಗಿನವರ ಪಾಲಾಗುತ್ತಿತ್ತು ಎಂದರು. ಪೂರಿಗಾಲಿಯ ನೆಂಟನೊಬ್ಬ, ಬಾಡಿಗೆಗೆ ಕೊಡುವುದಾದರೆ ತನ್ನ ಬೀಗರಿಗೆ ಕೊಡು ಎಂದ. ಅತ್ತಿಗೆ ಒಳಗಿದ್ದ ಹಾಗೇ ಬಾಡಿಗೆ ಮಾತು. ಕಾಲೇಜಿನಲ್ಲಿ ಒಬ್ಬರು ಮನೆ ಬಂತಲ್ಲ, ಮೈಸೂರು ಪಾಕು ಕೊಡಿಸಿ ಎಂದು ತಮಾಷೆ ಮಾಡಿದರು. ಆಗಲೇ ನಾನು ಅವರಿಗೆ, ಅತ್ತಿಗೆಯೇ ಬೇಡಿಕೊಂಡರು ಎಂಬ ಮೂರನೆಯ ಕಥೆ ಹೇಳಿದ್ದು. ಒಬ್ಬನಾದರೂ, ಉಯಿಲಿನಲ್ಲಿ ಅವಳ ಹೆಸರಿದೆಯಲ್ಲಯ್ಯ ಎಂದು ಕೇಳಲಿಲ್ಲ. ಎಲ್ಲರಿಗೂ ಅದು ಸಹಜವಾಗಿತ್ತು. ಹಾಗೆ ಸಹಜವಾಗಿ ಕಂಡದ್ದೇ ನನಗೆ ಅಸಹ್ಯ ತರಿಸಿತು. ಆದರೆ ಇಲ್ಲೂ ನನ್ನನ್ನು ನಾನು ನಂಬುವುದಿಲ್ಲ. ಮೊದಲನೆಯ ಫೋನು ಬಂದಾಗ ಸ್ವಲ್ಪ ಖುಷಿಯಾಗಿತ್ತೋ ಏನೋ. ಹಜಾರದ ಕಿಟಕಿಗೆ ಬೇರೆ ಪರದೆ ಹಾಕಿದರೆ ಚೆನ್ನಾಗಿರುತ್ತದೆ ಎಂದು ಆ ಬೇಸಿಗೆಯಲ್ಲಿ ಒಮ್ಮೆ ಯೋಚಿಸಿದ್ದು ನೆನಪಿದೆ. ಯಾರ ಹಜಾರ?

ಸರಿಪಡಿಸಲು ಓಡಾಡತೊಡಗಿದೆ. ಗಂಟು ಹಾಕುವುದಕ್ಕೆ ಒಂದು ದಿನ ಸಾಕಾಗಿತ್ತು, ಬಿಚ್ಚುವುದಕ್ಕೆ ವರ್ಷ ಬೇಕಾಯಿತು. ಇರುವ ಹೆಸರನ್ನು ತೆಗೆಯಲು ಸುಮ್ಮನೆ ಅರ್ಜಿ ಸಾಲದು, ದಾನಪತ್ರ ತನ್ನಿ ಎಂದರು. ನನ್ನದಲ್ಲದ್ದನ್ನು ನಾನು ಹೇಗೆ ದಾನ ಕೊಡಲಿ ಎಂದರೆ, ಕಾಗದದಲ್ಲಿ ನಿಮ್ಮದೇ ಅಲ್ಲವೇ ಸಾರ್ ಎಂದರು. ಅವರ ಮುಖದಲ್ಲಿ ವ್ಯಂಗ್ಯವೂ ಇರಲಿಲ್ಲ. ಪ್ರತಿ ಸಲ ಹೋದಾಗಲೂ ಆ ಮಸಿಯ ಗೋಡೆಯ ಪಕ್ಕದಲ್ಲೇ ನಿಲ್ಲಬೇಕಿತ್ತು. ಒಂದು ದಿನ ಮನೆಗೆ ಬಂದು ನೋಡಿದರೆ ಅಂಗಿಯ ತೋಳಿಗೆ ನೇರಳೆ ಕಲೆ. ಎಷ್ಟು ಉಜ್ಜಿದರೂ ಹೋಗದೆ ಆ ಅಂಗಿಯನ್ನು ಎಸೆದೆ.

ಬಿಲ್ ಕಲೆಕ್ಟರನ್ನು ಹಿಡಿದುಕೊಂಡೆ. ನೀನು ಹೇಳಿದ್ದಕ್ಕೆ ತಾನೇ ಹೀಗಾಗಿದ್ದು ಎಂದೆ.

"ನಾನ್ಯಾಕ್ ಏಳ್ಲಿ ಸಾರ್? ಅಮ್ಮೋರ ಪುಸ್ತಕ ಬರಲ್ಲ ಅಂದೆ ನಿಜ. ತಡೀರಿ, ಆಧಾರ್ ಬರ್ಲಿ ಅಂದೆ. ನೀವೇ ಬ್ಯಾಗಿಂದ ಕಾಗ್ದ ತಗ್ದು ಕೊಟ್ರಿ."

ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಸರ್ಕಾರಿ ಕೆಲಸದವನು, ತನ್ನ ಮೇಲೆ ಬರದಂತೆ ನೋಡಿಕೊಳ್ಳುತ್ತಾನೆ. ಇಂಥ ಹೇಳಿಕೆಗಳನ್ನು ಹೇಗೆ ಅನುಮಾನಿಸಬೇಕೆಂದು ನನಗೆ ವಿಶ್ವವಿದ್ಯಾಲಯ ಕಲಿಸಿತ್ತು.

ಮದ್ದೂರಿಗೆ ಹೋದೆ. ಚಿಕ್ಕಪ್ಪ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಕಾಯಿ ತುಂಬಿಸುತ್ತಿದ್ದರು. ಖಾತೆ ಅತ್ತಿಗೆಯ ಹೆಸರಿಗೆ ಬದಲಾಯಿಸುತ್ತಿದ್ದೇನೆ, ನೀವು ತಕರಾರು ಹಾಕಬಾರದು ಎಂದೆ. ಅವರು ಎಣಿಕೆ ನಿಲ್ಲಿಸಲಿಲ್ಲ.

"ಅವ್ಳು ಒಳ್ಳೆಯೋಳೇ ಕಣ್ಲಾ. ನಾನೇನ್ ಕೆಟ್ಟೋಳು ಅಂದ್ನಾ? ನಾಳೆ ಇಮಾನ ಅತ್ತಿ ಓಗ್ಬುಟ್ರೆ ನಿಮ್ಮಣ್ಣನ ಮನೆ ಯಾರ್ದು?"

"ಅವ್ರದೇ. ಇಮಾನ ಹತ್ತಿದ್ರೂ ಅವ್ರದೇ."

"ಓ, ಈಗ ಬಂತಾ ನಿಂಗೆ ಬುದ್ಧಿ?"

"ಆವತ್ತು ತಮ್ಮನ ಹೆಸರಿಗೇ ಇರಲಿ ಅಂದದ್ದು ನೀವಲ್ವಾ?"

ಆಗ ಎಣಿಕೆ ನಿಂತಿತು. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಹೆಚ್ಚು ಕಮ್ಮಿ ಕನಿಕರವಿತ್ತು.

"ಲೇ, ನಾನು ಬರೋ ವತ್ಗೆ ಎಲ್ಲಾ ಬರ್ದಾಗಿತ್ತು ಕಣ್ಲಾ. ಸಾಕ್ಸಿ ಆಕು ಅಂದೆ, ಆಕ್ದೆ. ನಮ್ಮುಡ್ಗ ನಮ್ ದಾರೀಗೆ ಬಂದ ಅಂತ ಸಂತೋಸ ಆಗಿತ್ತು. ಆವತ್ತು ಅತ್ತೆದೀರ ಎಬ್ಬೆಟ್ಟಿಗೆ ನಂಗೆ ಉಗುದ್ಯಲ್ಲ, ಗ್ಯಾಪ್ಕ ಐತಾ?"

ಪಕ್ಕದಲ್ಲಿ ಕಾಯಿ ಎತ್ತಿಕೊಡುತ್ತಿದ್ದವರು ಕೇಳಿಸಿಕೊಂಡರೂ ಕೇಳದವರಂತೆ ಇದ್ದರು. ಚಿಕ್ಕಪ್ಪ ಒಂದು ಎಳನೀರು ಕೊಚ್ಚಿ ಕೊಟ್ಟರು. ಅರ್ಧ ಕುಡಿದು ಕೆಳಗಿಟ್ಟೆ. ತಕರಾರು ಹಾಕುವುದಿಲ್ಲ ಹೋಗು ಎಂದರು, ನಾನು ಹೊರಟ ಮೇಲೆ, ಬೆನ್ನಿಗೆ. ಆ ಮಾತು ಉಳಿಸಿಕೊಂಡರು ಎಂಬುದನ್ನೂ ಬರೆಯಬೇಕು. ಅವರನ್ನು ಖಳನನ್ನಾಗಿ ಮಾಡಿದರೆ ನನಗೆ ಅನುಕೂಲ, ಅದಕ್ಕೇ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಇಬ್ಬರು ಇಲ್ಲವೆಂದರು. ಇಬ್ಬರಿಗೂ ಇಲ್ಲ ಎನ್ನಲು ಕಾರಣವಿದೆ. ಉಳಿದದ್ದು ಅತ್ತಿಗೆ. ಆಕೆ ಹಾಗೆ ಕೇಳಿರಲು ಸಾಧ್ಯವೇ ಇಲ್ಲ. ಮಾತು ಮಾತ್ರ ಇನ್ನೂ ಕಿವಿಯಲ್ಲಿ ಇತ್ತು, ಆಡಿದವರಿಲ್ಲದೆ.

ಆ ವರ್ಷ ಅತ್ತಿಗೆ ನನ್ನನ್ನು ಮನೆಯೊಳಗೆ ಕೂರಿಸಲಿಲ್ಲ. ಜಗುಲಿಯಲ್ಲೇ ಮಾತು, ಜಗುಲಿಯಲ್ಲೇ ಕಾಫಿ. ಕಾಗದ ಯಾವುದನ್ನೂ ನನ್ನ ಕೈಗೆ ಕೊಡುತ್ತಿರಲಿಲ್ಲ. ತೋರಿಸಿ, ತಾವೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಕಾಗುಣಿತ ಪುಸ್ತಕ ತಂದುಕೊಂಡು ಹಿತ್ತಲಲ್ಲಿ ಕೂತು ಓದಲು ಕಲಿತರು. ಅವರ ಆಧಾರ್ ಬಂತು. ನಾನು, ಈ ಸ್ವತ್ತಿನಲ್ಲಿ ನನಗೆ ಯಾವ ಹಕ್ಕೂ ಇಲ್ಲ, ಹಿಂದೆ ನನ್ನ ಹೆಸರಿಗೆ ಆಗಿದ್ದು ತಪ್ಪು ಎಂದು ಪ್ರಮಾಣ ಮಾಡಿ ಬರೆದುಕೊಟ್ಟೆ. ಹೊಸದಾಗಿ ಬಂದ ಕಾರ್ಯದರ್ಶಿ ಉಯಿಲನ್ನು ಪೂರ್ತಿ ಓದಿದ ಮೊದಲ ಮನುಷ್ಯ. ಓದಿ, ಇದು ಇದ್ದೂ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ. ನಾನು ಗೋಡೆಯ ಕಡೆ ನೋಡಿದೆ.

ಏಪ್ರಿಲ್‌ನಲ್ಲಿ ರಸೀತಿ ಬಂತು, ಅತ್ತಿಗೆಯ ಹೆಸರಿನಲ್ಲಿ. ಬಚ್ಚಲೂ ಅಳತೆಗೆ ಸೇರಿತ್ತು. ಫೋನು ಮಾಡಿ ಕರೆದರು. ನಾನು ಹೋದಾಗ ಜಗುಲಿಯ ಮೆಟ್ಟಿಲ ಮೇಲೆ ಕೂತು, ಬೆರಳಿಟ್ಟುಕೊಂಡು ಜೋರಾಗಿ ರಸೀತಿ ಓದಿದರು. ಹೆಸರು, ಸ್ವತ್ತಿನ ಸಂಖ್ಯೆ, ಆರೋಗ್ಯ ಕರ, ಗ್ರಂಥಾಲಯ ಕರ. ಬೀಗ ಹಾಕಿದ ಗ್ರಂಥಾಲಯಕ್ಕೆ ಈ ವರ್ಷವೂ ಕೊಟ್ಟಾಯಿತು ಎಂದರು. ತಂಗಿಗೆ ಬರುವುದಿಲ್ಲ ಎಂದು ಹೇಳಿಯಾಗಿತ್ತು. ಹಿತ್ತಲ ಮಡಿಗೆ ಮಣ್ಣು ಹದ ಮಾಡಿಟ್ಟಿದ್ದರು.

ನನಗೆ ಹಗುರವಾಯಿತು. ಹಗುರವಾದಾಗ ಮನುಷ್ಯ ಕ್ಷಮೆಯನ್ನೂ ಅಗ್ಗದಲ್ಲಿ ಕೇಳುತ್ತಾನೆ. ಆವತ್ತು ಕಚೇರಿಯಲ್ಲಿ ಯಾರೋ ಹೇಳಿದ್ದನ್ನು ನಾನು ಕೇಳಬಾರದಾಗಿತ್ತು, ತಪ್ಪಾಯಿತು ಎಂದೆ.

ಅವರು ಎದ್ದು ಒಳಗೆ ಹೋಗಿ ಒಂದು ಕಾಗದ ತಂದರು. ಹಳೆಯ ಕಡತದ ನಕಲನ್ನು ತಾವೇ ಅರ್ಜಿ ಹಾಕಿ ತೆಗೆಸಿಕೊಂಡಿದ್ದರು. ಅದೇ ಒಪ್ಪಿಗೆಯ ಛಾಪಾ ಕಾಗದದ ಪ್ರತಿ. ಕೆಳಗೆ ಕನ್ನಡ, ಅವರ ದುಂಡಗಿನ ರುಜು. ಮೇಲ್ಭಾಗದಲ್ಲಿ ಕಂಪ್ಯೂಟರ್ ಅಚ್ಚು ಹಾಕುವ ವಿವರಗಳು. ಅವು ಇಂಗ್ಲಿಷಿನಲ್ಲಿರುತ್ತವೆ.

"ಯಾರೂ ಏಳ್ಲಿಲ್ಲ ಕಣಪ್ಪ. ಕೆಳ್ಗಡೆ ನಂಗೆ ಓದಕ್ಕೆ ಬತ್ತಿರ್ನಿಲ್ಲ. ಮ್ಯಾಲ್ಗಡೆ ಬತ್ತಿತ್ತು. ನಾವು ಓಗಿದ್ರ ಮುಂಚಿನ ದಿನದ ತಾರೀಕು ಇತ್ತು, ನಿನ್ನೆಸ್ರು ಇತ್ತು. ನನ್ ಮೈದ್ನ ಎಷ್ಟು ನಿಗಾ ಮಾಡ್ತಾನೆ, ಒಂದಿನ ಮುಂಚೇನೇ ಕಾಗ್ದ ತಂದವ್ನೆ ಅಂದ್ಕಂಡು ರುಜು ಆಕ್ದೆ."

ಹಾಗಿರಲಾರದು ಎಂದೆ. ತಾರೀಕು ತಪ್ಪಿರಬಹುದು, ನಕಲಿನಲ್ಲಿ ಅಂಕಿ ಅಳಿಸಿರಬಹುದು, ನೋಡುತ್ತೇನೆ ಎಂದೆ. ನೋಡು ಎಂದರು. ಆ ವರ್ಷದಲ್ಲಿ ಮೊದಲ ಸಲ ಕಾಗದ ನನ್ನ ಕೈಗೆ ಕೊಟ್ಟರು, ಅದರ ಮೇಲಿನ ಸಂಖ್ಯೆ ಬರೆದುಕೊಳ್ಳುವಷ್ಟು ಹೊತ್ತು ಮಾತ್ರ.

ಛಾಪಾ ಕಾಗದದ ಮೇಲೆ ಒಂದು ಪ್ರಮಾಣಪತ್ರ ಸಂಖ್ಯೆ ಇರುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಹಾಕಿದರೆ ಮೂಲ ವಿವರ ಸಿಗುತ್ತದೆ. ಮಂಡ್ಯಕ್ಕೆ ಬಂದು ಹಾಕಿ ನೋಡಿದೆ. ನನ್ನ ಹಳೆಯ ದಿನಚರಿಯನ್ನೂ ತೆಗೆದು ಪಂಚಾಯಿತಿಗೆ ಹೋದ ದಿನವನ್ನು ಹೋಲಿಸಿದೆ. ಕಾಗದ ಕೊಂಡದ್ದು ಅದರ ಹಿಂದಿನ ದಿನ, ಮಧ್ಯಾಹ್ನ ನಾಲ್ಕು ಗಂಟೆ ದಾಟಿದ ಮೇಲೆ, ಮಂಡ್ಯದಲ್ಲಿ. ಕೊಂಡವರ ಹೆಸರು ಎಂಬಲ್ಲಿ ನನ್ನ ಹೆಸರಿದೆ.